ನೈವೇದ್ಯದ ಕಡಲು: ಇಸೆ-ಶಿಮಾ

ಜಪಾನಿನ ಇಸೆ ಪಟ್ಟಣದ ದೇಗುಲವೊಂದರಲ್ಲಿ ದೇವರ ಅಡುಗೆಗೆ ಬೆಂಕಿಕಡ್ಡಿ ಗೀರುವುದಿಲ್ಲ. ನಮ್ಮ ಯಜ್ಞಗಳಲ್ಲಿ ಅರಣಿ ಕಡೆಯುವ ಹಾಗೆ ಮರಕ್ಕೆ ಮರ ಉಜ್ಜಿ ಕಿಡಿ ಹುಟ್ಟಿಸುತ್ತಾರೆ. ಹಿಂದಿನ ರಾತ್ರಿಯೇ ಮಡಿಯಲ್ಲಿದ್ದು ತಯಾರಾದ ಅರ್ಚಕರು ಆ ಬೆಂಕಿಯಲ್ಲಿ ಅನ್ನ ಬೇಯಿಸುತ್ತಾರೆ. ಮೂರು ಬಟ್ಟಲು ಅನ್ನ, ಮೂರು ಬಟ್ಟಲು ‘ಸಾಕೆ’ ಎಂಬ ಅಕ್ಕಿಯ ಮದ್ಯ, ನೀರು, ಉಪ್ಪು, ಒಣಗಿಸಿದ ಕತ್ಸುಓ ಮೀನು, ತೈ ಎಂಬ ಕೆಂಪು ಮೀನು, ಕಡಲಪಾಚಿ, ತರಕಾರಿ, ಹಣ್ಣು. ಇಷ್ಟನ್ನೂ ಮಣ್ಣಿನ ತಟ್ಟೆಗಳಲ್ಲಿ ಜೋಡಿಸಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ದೇವತೆಗಳಿಗೆ ನಿವೇದಿಸುತ್ತಾರೆ. ಸುಮಾರು 1,500 ವರ್ಷಗಳಿಂದ ಇದು ಒಂದು ದಿನವೂ ತಪ್ಪಿಲ್ಲ ಎಂಬುದು ದೇಗುಲದ ನಂಬಿಕೆ.

ಈ ತಟ್ಟೆಯಲ್ಲಿರುವ ಒಂದೊಂದು ಪದಾರ್ಥವೂ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೊರಟರೆ ಇಸೆ-ಶಿಮಾ ಪ್ರಾಂತ್ಯದ ಬಹುಪಾಲನ್ನು ಸುತ್ತಿದಂತಾಗುತ್ತದೆ. ಗದ್ದೆ, ಉಪ್ಪಿನ ಅಂಗಳ, ಕುಂಬಾರರ ಊರು, ಮುಳುಗುಗಾರ್ತಿಯರ ಹಳ್ಳಿ, ಹೊಗೆ ತುಂಬಿದ ಮೀನಿನ ಮನೆ. ಪ್ರವಾಸಿಗರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಜಪಾನೆಂದರೆ ಟೋಕಿಯೊ, ಕ್ಯೋಟೊ, ಫುಜಿ ಪರ್ವತ ಎಂದು ಮುಗಿಸಿ ಬರುವ ನಮ್ಮವರಿಗೆ ಈ ಕಡಲತಡಿಯ ಬಗ್ಗೆ ಹೇಳಬೇಕೆನ್ನಿಸುವುದೂ ಅದಕ್ಕೇ.

ಜಪಾನಿನ ಮುಖ್ಯ ದ್ವೀಪ ಹೋನ್ಶುವಿನ ನಡುಭಾಗದಲ್ಲಿ ಮಿಎ ಎಂಬ ಜಿಲ್ಲೆಯಿದೆ. ಅದರಲ್ಲಿ ಪೆಸಿಫಿಕ್ ಸಾಗರದೊಳಕ್ಕೆ ಚಾಚಿಕೊಂಡ ಭಾಗದಲ್ಲಿ ಇಸೆ, ತೊಬಾ, ಶಿಮಾ ಎಂಬ ಮೂರು ಊರುಗಳು. ನಗೋಯಾದಿಂದ ಕಿಂತೆತ್ಸು ರೈಲು ಹಿಡಿದರೆ ಒಂದೂವರೆ ಗಂಟೆಯೊಳಗೆ ಇಸೆ ಬರುತ್ತದೆ. ಅದೇ ಹಳಿ ಮುಂದೆ ತೊಬಾ ದಾಟಿ, ಸುಮಾರು ಎರಡು ಗಂಟೆಯ ಹೊತ್ತಿಗೆ ಕಶಿಕೊಜಿಮಾ ಎಂಬ ಪುಟ್ಟ ದ್ವೀಪದಲ್ಲಿ ಕೊನೆಗೊಳ್ಳುತ್ತದೆ. ಒಸಾಕಾದಿಂದಲೂ ನೇರ ರೈಲಿದೆ.

ಇಸೆಯಲ್ಲಿ ಎರಡು ದೊಡ್ಡ ದೇಗುಲಗಳಿವೆ. ಒಳದೇಗುಲ ನೈಕು ಸೂರ್ಯದೇವತೆ ಅಮತೆರಾಸುವಿನದು. ಹೊರದೇಗುಲ ಗೆಕು ಅನ್ನದ ದೇವತೆ ತೊಯೊಉಕೆಯದು. ಒಬ್ಬಳೇ ಕೂತು ಉಣ್ಣುವುದು ನೆಮ್ಮದಿಯಲ್ಲ, ತೊಯೊಉಕೆಯನ್ನು ಕರೆತನ್ನಿ ಎಂದು ಅಮತೆರಾಸು ಚಕ್ರವರ್ತಿಯ ಕನಸಿನಲ್ಲಿ ಬಂದು ಹೇಳಿದಳಂತೆ. ಹಾಗೆ ದೂರದ ತಂಬಾ ಸೀಮೆಯಿಂದ ಅನ್ನದ ದೇವತೆ ಇಲ್ಲಿಗೆ ಬಂದು ನೆಲೆಸಿದಳು. ಈ ಎರಡರ ಜೊತೆಗೆ ಸಣ್ಣಪುಟ್ಟ ಗುಡಿಗಳೆಲ್ಲ ಸೇರಿ 125. ಎಲ್ಲಕ್ಕೂ ಸೇರಿ ಹೆಸರು ‘ಜಿಂಗು’.

ಮೊದಲು ಗೆಕು, ಆಮೇಲೆ ನೈಕು. ಇದು ಹಳೆಯ ಕ್ರಮ. ಹೆಚ್ಚಿನ ಪ್ರವಾಸಿಗರು ಹೊತ್ತಿಲ್ಲವೆಂದು ನೇರ ನೈಕುವಿಗೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ. ಗೆಕುವಿನಲ್ಲಿ ಜನ ಕಡಿಮೆ, ಮರಗಳ ಬುಡಗಳು ದೊಡ್ಡವು, ನಡೆಯುವ ದಾರಿಯ ಜಲ್ಲಿಯ ಸದ್ದು ಕಿವಿಗೆ ಚೆನ್ನಾಗಿ ಕೇಳುತ್ತದೆ. ದೇವರ ಅಡುಗೆಮನೆ ಇರುವುದೂ ಇಲ್ಲೇ. ಒಳಗೆ ಬಿಡುವುದಿಲ್ಲ, ಆದರೆ ಬೆಳಗಿನ ಹೊತ್ತು ಬಿಳಿ ಬಟ್ಟೆಯ ಅರ್ಚಕರು ಮರದ ಪೆಟ್ಟಿಗೆ ಹೊತ್ತು ಸಾಲಾಗಿ ನಡೆಯುವುದು ಕಂಡೀತು.

ಆ ಪೆಟ್ಟಿಗೆಯಲ್ಲಿರುವ ಅನ್ನದ ಅಕ್ಕಿ ಜಿಂಗುವಿನದೇ ಗದ್ದೆಯಲ್ಲಿ ಬೆಳೆದದ್ದು. ತರಕಾರಿ, ಹಣ್ಣು ಕಡಲತಡಿಯ ಫುತಮಿಯಲ್ಲಿರುವ ದೇವರ ತೋಟದ್ದು. ಉಪ್ಪೂ ಫುತಮಿಯದೇ. ಬೇಸಗೆಯಲ್ಲಿ ಕಡಲ ನೀರನ್ನು ಅಂಗಳಕ್ಕೆ ಹಾಯಿಸಿ, ದಟ್ಟವಾದ ಉಪ್ಪುನೀರು ಪಡೆದು, ಕುದಿಸಿ ಇಂಗಿಸಿ, ಆಮೇಲೆ ತ್ರಿಕೋನಾಕಾರದ ಮಣ್ಣಿನ ಅಚ್ಚಿನಲ್ಲಿ ಸುಟ್ಟು ಗಟ್ಟಿಮಾಡುತ್ತಾರೆ. ಒಣ ತೈ ಮೀನು ಇಸೆ ಕೊಲ್ಲಿಯಾಚೆಯ ಶಿನೊಜಿಮಾ ದ್ವೀಪದಿಂದ ಬರುತ್ತದೆ. ಬಣ್ಣ ಲೇಪಿಸದ ಮಣ್ಣಿನ ತಟ್ಟೆಗಳನ್ನು ಪಕ್ಕದ ಮೇಇವಾ ಊರಿನಲ್ಲಿ ಮಾಡುತ್ತಾರೆ. ಒಮ್ಮೆ ಬಳಸಿದ ತಟ್ಟೆಯನ್ನು ಮತ್ತೆ ಬಳಸುವಂತಿಲ್ಲ. ಒಡೆದು ಮಣ್ಣಿಗೆ ಸೇರಿಸುತ್ತಾರೆ. ಅಂಗಡಿಯಿಂದ ತಂದರೆ ಸುಲಭವಾಗುತ್ತಿತ್ತು. ಸುಲಭದ ದಾರಿ ಹಿಡಿಯದ್ದರಿಂದಲೇ ಇಲ್ಲಿ ಇಷ್ಟೊಂದು ಕಸುಬುಗಳು ಇನ್ನೂ ಉಸಿರಾಡುತ್ತಿವೆ.

ನೈಕುವಿಗೆ ಹೋಗುವಾಗ ಇಸುಜು ನದಿಯ ಮೇಲಿನ ಉಜಿ ಸೇತುವೆ ದಾಟಬೇಕು. ಮರದ ಸೇತುವೆ, ನೂರು ಮೀಟರಿಗಿಂತ ಸ್ವಲ್ಪ ಉದ್ದ. ಆಚೆ ದಡದಲ್ಲಿ ನದಿಯ ನೀರಿನಲ್ಲಿ ಕೈ ತೊಳೆಯಲು ಕಲ್ಲಿನ ಮೆಟ್ಟಿಲುಗಳಿವೆ. ಆಮೇಲೆ ಕಾಡು. ಕೊನೆಗೆ ಒಂದಿಷ್ಟು ಮೆಟ್ಟಿಲು, ಬಿಳಿಯ ಪರದೆ. ಗರ್ಭಗುಡಿ ಕಾಣುವುದಿಲ್ಲ. ಮೆಟ್ಟಿಲ ಬುಡದಿಂದ ಮೇಲಕ್ಕೆ ಫೋಟೊ ತೆಗೆಯುವಂತಿಲ್ಲ. ಬೇಲಿಯ ಮೇಲೆ ಹುಲ್ಲಿನ ಛಾವಣಿಯ ತುದಿ ಮಾತ್ರ ಕಣ್ಣಿಗೆ ಬೀಳುತ್ತದೆ. ಗೋಪುರ, ವಿಗ್ರಹ, ಮಂಗಳಾರತಿ ಕಂಡು ಬೆಳೆದ ನಮಗೆ ಇದೇನು, ಇಷ್ಟೇನೇ ಅನ್ನಿಸುವುದು ಸಹಜ. ಪಕ್ಕಕ್ಕೆ ತಿರುಗಿ ನೋಡಿ. ಅಷ್ಟೇ ಅಳತೆಯ ಖಾಲಿ ನಿವೇಶನ, ಬಿಳಿ ಕಲ್ಲು ಹಾಸಿ ಬಿಟ್ಟಿದ್ದಾರೆ. ಜಿಂಗುವಿನ ಅರ್ಧ ಕಥೆ ಈ ಖಾಲಿ ಜಾಗದಲ್ಲಿದೆ.

ಇಪ್ಪತ್ತು ವರ್ಷಕ್ಕೊಮ್ಮೆ ದೇಗುಲವನ್ನು ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟಿ, ದೇವರನ್ನು ರಾತ್ರಿಯಲ್ಲಿ ಅಲ್ಲಿಗೆ ಕೊಂಡೊಯ್ದು, ಹಳೆಯದನ್ನು ಬಿಚ್ಚಿಬಿಡುತ್ತಾರೆ. ಮೊದಲ ಸಲ ನಡೆದದ್ದು ಕ್ರಿ.ಶ. 690ರಲ್ಲಿ, ಸಾಮ್ರಾಜ್ಞಿ ಜಿತೊ ಕಾಲದಲ್ಲಿ. 62ನೆಯದು 2013ರಲ್ಲಿ ಮುಗಿಯಿತು. ನಡುವೆ ಅಂತರ್ಯುದ್ಧದ ಕಾಲದಲ್ಲಿ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ನಿಂತುಹೋಗಿತ್ತು. ಆದರೂ ಮತ್ತೆ ಹಿಡಿದುಕೊಂಡರು. ಕಂಬಗಳನ್ನು ಕಲ್ಲಿನ ಪೀಠವಿಲ್ಲದೆ ನೇರವಾಗಿ ಮಣ್ಣಿನಲ್ಲಿ ಹೂಳುವ ಪದ್ಧತಿ ಇದು. ಬಣ್ಣವಿಲ್ಲದ ಹಿನೋಕಿ ಮರ, ಹುಲ್ಲಿನ ಛಾವಣಿ. ಇಂಥ ಕಟ್ಟಡ ಬಹಳ ಕಾಲ ಬಾಳುವುದಿಲ್ಲ. ಇಪ್ಪತ್ತು ವರ್ಷ ಎಂಬ ಲೆಕ್ಕಕ್ಕೆ ಬೇರೆ ಬೇರೆ ಕಾರಣ ಕೊಡುತ್ತಾರೆ. ನನಗೆ ಒಪ್ಪಿಗೆಯಾಗುವುದು ಬಡಗಿಗಳ ಲೆಕ್ಕ. ಇಪ್ಪತ್ತರ ಹುಡುಗ ಕೈಯಾಳಾಗಿ ಕಲಿಯುತ್ತಾನೆ, ನಲವತ್ತಕ್ಕೆ ತಾನೇ ಕಟ್ಟುತ್ತಾನೆ, ಅರವತ್ತಕ್ಕೆ ನಿಂತು ಕಲಿಸುತ್ತಾನೆ. ಕಟ್ಟಡವನ್ನು ಉಳಿಸಿಕೊಳ್ಳುವುದಕ್ಕಿಂತ ಕಟ್ಟುವ ಕೈಯನ್ನು ಉಳಿಸಿಕೊಳ್ಳುವುದು ದೊಡ್ಡದೆಂದು ಇಷ್ಟು ಹಿಂದೆಯೇ ಕಂಡುಕೊಂಡವರ ಬಗ್ಗೆ ನನಗೆ ಅಪಾರ ಗೌರವ.

ಒಂದು ಸಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹಿನೋಕಿ ಮರ ಬೇಕು. ಹೆಚ್ಚಿನವು ಕಿಸೊ ಕಣಿವೆಯಿಂದ ಬರುತ್ತವೆ. ಜಿಂಗುವಿಗೆ ತನ್ನದೇ ಸುಮಾರು 5,500 ಹೆಕ್ಟೇರ್ ಕಾಡಿದೆ. ಅಲ್ಲಿ ಇನ್ನೂರು ವರ್ಷ ಮುಂದಿನದನ್ನು ಲೆಕ್ಕ ಹಾಕಿ 1920ರ ದಶಕದಲ್ಲಿ ಹಿನೋಕಿ ನೆಡಲು ಹೊರಟರು. ಆ ಮರಗಳು 2013ರ ನಿರ್ಮಾಣಕ್ಕೆ ಬೇಕಾದ ಮರದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಒದಗಿಸಿದವು. ಬಿಚ್ಚಿದ ಮರವೂ ಹಾಳಾಗುವುದಿಲ್ಲ. ಗರ್ಭಗುಡಿಯ ದೊಡ್ಡ ಕಂಬಗಳು ಉಜಿ ಸೇತುವೆಯ ಎರಡೂ ತುದಿಯ ತೋರಿ ಕಮಾನುಗಳಾಗಿ ಇಪ್ಪತ್ತು ವರ್ಷ ನಿಲ್ಲುತ್ತವೆ. ಅನಂತರ ಹಳೆಯ ತೊಕೈದೊ ಹೆದ್ದಾರಿಯ ಕುವಾನಾ ಮತ್ತು ಸೆಕಿ ಊರುಗಳಲ್ಲಿ ಮತ್ತೆ ಕಮಾನುಗಳಾಗುತ್ತವೆ. ಉಳಿದದ್ದು ದೇಶದ ಬೇರೆ ಬೇರೆ ದೇಗುಲಗಳಿಗೆ ಹಂಚಿಹೋಗುತ್ತದೆ.

ಸೇತುವೆಯ ಬುಡದಲ್ಲೇ ಒಹರೈ-ಮಾಚಿ ಬೀದಿ. ಎದೊ ಎಂದು ಕರೆಯುವ ಹಿಂದಿನ ಕಾಲದಲ್ಲಿ ಇಸೆಗೆ ಯಾತ್ರೆ ಹೋಗುವುದು ಜಪಾನೀಯರ ಬಾಳಿನ ದೊಡ್ಡ ಆಸೆಯಾಗಿತ್ತು. 1830ರಲ್ಲಿ ಕೆಲವೇ ತಿಂಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ಬಂದರೆಂದು ದಾಖಲೆಗಳಿವೆ. ಆಗ ಇಡೀ ದೇಶದ ಜನಸಂಖ್ಯೆ ಮೂರು ಕೋಟಿಯ ಆಸುಪಾಸು. ಹೋಗಲಾಗದ ಯಜಮಾನರು ಕೊರಳಿಗೆ ಕಾಸು ಕಟ್ಟಿ ನಾಯಿಯನ್ನು ಕಳಿಸುತ್ತಿದ್ದದ್ದೂ ಉಂಟು. ದಾರಿಯಲ್ಲಿ ಸಿಕ್ಕವರು ಅದಕ್ಕೆ ಅನ್ನ ಹಾಕಿ, ಮುಂದಿನ ಊರಿನವರೆಗೆ ಜೊತೆ ಕೊಟ್ಟು, ದೇಗುಲ ತಲುಪಿಸಿ ಹಿಂದಕ್ಕೆ ಕಳಿಸುತ್ತಿದ್ದರು. ಬೀದಿಯ ಅಂಗಡಿಗಳಲ್ಲಿ ಇಂದಿಗೂ ಆ ನಾಯಿಯ ಗೊಂಬೆಗಳು ಸಿಗುತ್ತವೆ.

ಯಾತ್ರಿಕರ ಹೊಟ್ಟೆಗೆಂದೇ ಹುಟ್ಟಿದ ತಿಂಡಿ ಇಸೆ-ಉದೊನ್. ಗೋಧಿಯ ದಪ್ಪ ಎಳೆಗಳನ್ನು ಒಂದು ಗಂಟೆಯಷ್ಟು ಬೇಯಿಸಿ, ಕಪ್ಪಗಿನ ಸೋಯಾ ರಸದಲ್ಲಿ ಕಲಸಿ, ಮೇಲೆ ಹಸಿ ಈರುಳ್ಳಿ ಸೊಪ್ಪು ಉದುರಿಸಿ ಕೊಡುತ್ತಾರೆ. ಜಪಾನಿನ ಬೇರೆಡೆ ಉದೊನ್ ಹಲ್ಲಿಗೆ ಗಟ್ಟಿಯಾಗಿ ಸಿಗಬೇಕು. ಇಲ್ಲಿ ಬಾಯಲ್ಲಿಟ್ಟರೆ ಕರಗಬೇಕು. ದಿನಗಟ್ಟಲೆ ನಡೆದು ದಣಿದವರು ಬೇಗ ಉಂಡು ಸುಲಭವಾಗಿ ಅರಗಿಸಿಕೊಳ್ಳಲಿ ಎಂದು ಹಾಗೆ. ರಸ ಕಪ್ಪಾಗಿದ್ದರೂ ಉಪ್ಪು ಹೆಚ್ಚಿಲ್ಲ, ಸಿಹಿಯ ಕಡೆಗೇ ವಾಲುತ್ತದೆ. ಸಸ್ಯಾಹಾರಿಗಳು ಗಮನಿಸಬೇಕು: ಈ ರಸದಲ್ಲೂ, ಜಪಾನಿನ ಹೆಚ್ಚಿನ ಸಾರುಗಳಲ್ಲೂ ಕತ್ಸುಓ ಮೀನಿನ ತಿಳಿ ಇರುತ್ತದೆ. ಕಣ್ಣಿಗೆ ಮೀನು ಕಾಣದಿದ್ದ ಮಾತ್ರಕ್ಕೆ ಸಸ್ಯಾಹಾರವಲ್ಲ. ಕೇಳಿಯೇ ತಿನ್ನಿ.

ಯಾವ ಅನುಮಾನವೂ ಇಲ್ಲದೆ ಎಲ್ಲರೂ ತಿನ್ನಬಹುದಾದದ್ದು ಅಕಾಫುಕು. 1707ರಿಂದ ಇದೇ ಊರಿನಲ್ಲಿ ಮಾಡುತ್ತಿರುವ ಸಿಹಿ. ಅಂಟಕ್ಕಿಯನ್ನು ಬೇಯಿಸಿ ಕುಟ್ಟಿದ ಮೆತ್ತನೆಯ ಉಂಡೆಯ ಮೇಲೆ ಅಜುಕಿ ಎಂಬ ಕೆಂಪು ಕಾಳಿನ ಹೂರಣ. ಹೂರಣದ ಮೇಲೆ ಬೆರಳಿನಲ್ಲಿ ಎಳೆದ ಮೂರು ಗೀರು ಇಸುಜು ನದಿಯ ಹರಿವು, ಕೆಳಗಿನ ಬಿಳಿ ಉಂಡೆ ನದಿಯ ತಳದ ಕಲ್ಲು. ನದಿಗೆ ಮುಖಮಾಡಿದ ಹಳೆಯ ಅಂಗಡಿಯ ಚಾಪೆಯ ಮೇಲೆ ಕೂತು, ಬಿಸಿ ಚಹಾದ ಜೊತೆ ತಿನ್ನಬೇಕು. ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋಗಿ ತಿಂದರೆ ಅರ್ಧ ರುಚಿ.

ಇಸೆಯಿಂದ ಪೂರ್ವಕ್ಕೆ ಹೊರಟರೆ ಫುತಮಿಯ ಜೋಡಿ ಬಂಡೆಗಳು. ಒಂದು ಒಂಬತ್ತು ಮೀಟರ್ ಎತ್ತರ, ಇನ್ನೊಂದು ನಾಲ್ಕು. ಇವರು ದಂಪತಿ. ಎರಡನ್ನೂ ಹುಲ್ಲಿನ ದಪ್ಪ ಹಗ್ಗದಿಂದ ಕಟ್ಟಿದ್ದಾರೆ, ವರ್ಷಕ್ಕೆ ಮೂರು ಸಲ ಹಗ್ಗ ಬದಲಿಸುತ್ತಾರೆ. ಮೇ ತಿಂಗಳಿಂದ ಜುಲೈವರೆಗೆ ಸೂರ್ಯ ಇವುಗಳ ನಡುವೆಯೇ ಹುಟ್ಟುತ್ತಾನೆ. ಆಗ ಹೋಗಲಾಗದವರು ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ತೊಬಾ ಕಾಯುತ್ತಿದೆ.

ತೊಬಾ ಮತ್ತು ಶಿಮಾ ಸೀಮೆಯ ಜೀವ ಇರುವುದು ಅಮಾ ಎಂಬ ಮುಳುಗುಗಾರ್ತಿಯರಲ್ಲಿ. ಗಾಳಿಯ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಕಡಲ ತಳಕ್ಕಿಳಿದು ಅವಾಬಿ, ಸಜಾಎ ಎಂಬ ಚಿಪ್ಪುಗಳನ್ನೂ ಕಡಲಪಾಚಿಯನ್ನೂ ಕಿತ್ತು ತರುವ ಹೆಂಗಸರು. ಅವಾಬಿ ಅಂದರೆ ಬಂಡೆಗೆ ಬಿಗಿಯಾಗಿ ಕಚ್ಚಿಕೊಂಡಿರುವ, ಅಂಗೈಯಗಲದ ಒಂಟಿ ಚಿಪ್ಪಿನ ಜೀವಿ. ಮೀಟುಗೋಲಿನಿಂದ ಒಂದೇ ಏಟಿಗೆ ಎಬ್ಬಿಸಬೇಕು. ತಡವಾದರೆ ಅದು ಇನ್ನಷ್ಟು ಬಿಗಿದುಕೊಳ್ಳುತ್ತದೆ. ಒಂದು ಮುಳುಗಿಗೆ ಸುಮಾರು 50 ಸೆಕೆಂಡ್. ಮೇಲೆ ಬಂದಾಗ ಬಿಗಿಹಿಡಿದ ಉಸಿರು ಸಿಳ್ಳೆಯಾಗಿ ಹೊರಡುತ್ತದೆ. ದೂರದ ದಡಕ್ಕೂ ಕೇಳುವ ಆ ಸದ್ದಿಗೆ ಇಸೊಬುಎ ಎನ್ನುತ್ತಾರೆ. ಕೆಲವರು ದಡದಿಂದ ಈಜಿ ಹೋಗುತ್ತಾರೆ. ಇನ್ನು ಕೆಲವರು ದೋಣಿಯಿಂದ ಇಳಿಯುತ್ತಾರೆ. ದೋಣಿಯಲ್ಲಿ ಹೆಚ್ಚಾಗಿ ಗಂಡನೇ ಹಗ್ಗ ಹಿಡಿದು ಕೂತಿರುತ್ತಾನೆ. ತಲೆಗೆ ಕಟ್ಟುವ ಬಿಳಿ ಬಟ್ಟೆಯ ಮೇಲೆ ಎರಡು ಗುರುತು ಹೊಲಿದಿರುತ್ತಾರೆ. ಒಂದು ಐದು ಮೂಲೆಯ ನಕ್ಷತ್ರ. ಎಲ್ಲಿ ಗೆರೆ ಶುರುವಾಯಿತೋ ಅಲ್ಲಿಗೇ ಬಂದು ಸೇರುತ್ತದೆ, ಇಳಿದವಳೂ ಹಾಗೆಯೇ ಹಿಂದಿರುಗಲಿ ಎಂಬ ಹರಕೆ. ಇನ್ನೊಂದು ಜಾಲರಿ, ಕೆಟ್ಟದ್ದರಿಂದ ಕಾಯುವ ಹಲವು ಕಣ್ಣುಗಳು.

ಇವರ ದುಡಿಮೆ ಬಹಳ ಹಳೆಯದು. ಶಿಮಾ ಸೀಮೆ ಚಕ್ರವರ್ತಿಯ ಅರಮನೆಗೆ ಆಹಾರ ಒದಗಿಸುವ ನಾಡಾಗಿತ್ತು. ಇಲ್ಲಿಂದ ಹೋದ ಅವಾಬಿ, ಕಡಲಪಾಚಿಗಳ ಮೂಟೆಗಳಿಗೆ ಕಟ್ಟಿದ ಎಂಟನೇ ಶತಮಾನದ ಮರದ ಚೀಟಿಗಳು ಹಳೆಯ ರಾಜಧಾನಿ ನಾರಾದ ನೆಲದಡಿ ಸಿಕ್ಕಿವೆ. ತೊಬಾದ ಕುಜಾಕಿ ಎಂಬ ಹಳ್ಳಿ ಇಂದಿಗೂ ಜಿಂಗುವಿನ ದೊಡ್ಡ ಹಬ್ಬಗಳಿಗೆ ಅವಾಬಿ ಕಳಿಸುತ್ತದೆ. ಊರಿನ ಹಿರಿಯ ಗಂಡಸರು ಮಾಂಸವನ್ನು ಉದ್ದುದ್ದ ಪಟ್ಟಿಯಾಗಿ ಸುಲಿದು, ಒಣಗಿಸಿ, ಕತ್ತರಿಸಿ, ಹುಲ್ಲಿನ ದಾರದಲ್ಲಿ ಪೋಣಿಸುತ್ತಾರೆ. ಇದು ನೊಶಿ-ಅವಾಬಿ. ಜಪಾನಿನಲ್ಲಿ ಇಂದು ಉಡುಗೊರೆಯ ಹೊದಿಕೆಯ ಬಲಮೂಲೆಯಲ್ಲಿ ಅಚ್ಚು ಹಾಕುವ ಸಣ್ಣ ಅಲಂಕಾರ ಈ ಪಟ್ಟಿಯದೇ ನೆನಪು. ಅದಕ್ಕೆ ಬೇಕಾದ ಚಿಪ್ಪನ್ನು ಹೆಂಗಸೊಬ್ಬಳು ಉಸಿರು ಕಟ್ಟಿ ತಂದಿದ್ದಳು ಎಂಬುದು ಉಡುಗೊರೆ ಕೊಡುವ ಎಷ್ಟು ಜನರಿಗೆ ಹೊಳೆಯುತ್ತದೋ.

ಅಮಾಗಳ ಕಟ್ಟುಪಾಡುಗಳು ಕಠಿಣ. 10.6 ಸೆಂಟಿಮೀಟರಿಗಿಂತ ಸಣ್ಣ ಅವಾಬಿಯನ್ನು ಮತ್ತೆ ಕಡಲಿಗೆ ಬಿಡಬೇಕು. ಹಿಡಿದ ಪ್ರತಿಯೊಂದನ್ನೂ ಅಳತೆಪಟ್ಟಿ ಹಿಡಿದು ನೋಡುತ್ತಾರೆ. ಸೆಪ್ಟೆಂಬರ್ ಮಧ್ಯದಿಂದ ವರ್ಷದ ಕೊನೆಯವರೆಗೆ, ಅದು ಮೊಟ್ಟೆಯಿಡುವ ಕಾಲವಾದ್ದರಿಂದ, ಮುಟ್ಟುವಂತಿಲ್ಲ. ದಿನಕ್ಕೆ ಎಷ್ಟು ಹೊತ್ತು ಇಳಿಯಬೇಕು, ಯಾವ ದಿನ ಇಳಿಯಬೇಕು ಎಂಬುದನ್ನು ಊರಿನ ಮೀನುಗಾರರ ಸಂಘ ತೀರ್ಮಾನಿಸುತ್ತದೆ. 1960ರ ದಶಕದಲ್ಲಿ ರಬ್ಬರಿನ ಮುಳುಗುಡುಪು ಬಂದಾಗ, ಚಳಿ ತಾಗದಿದ್ದರೆ ಹೆಚ್ಚು ಹೊತ್ತು ಮುಳುಗಿ ಎಲ್ಲವನ್ನೂ ಬಾಚಿಬಿಡುತ್ತಾರೆಂದು ಕೆಲವು ಊರುಗಳು ಮನೆಗೊಂದೇ ಉಡುಪು ಎಂದು ಮಿತಿ ಹಾಕಿಕೊಂಡಿದ್ದವು. ಕಡಲನ್ನು ಉಣ್ಣುವವರೇ ಕಡಲಿಗೆ ಕಾವಲಾದದ್ದು ಹೀಗೆ.

ಆದರೂ ಅಮಾಗಳು ಕಡಿಮೆಯಾಗುತ್ತಿದ್ದಾರೆ. 1949ರಲ್ಲಿ ತೊಬಾ, ಶಿಮಾ ಎರಡೂ ಊರುಗಳಲ್ಲಿ ಸೇರಿ ಆರು ಸಾವಿರಕ್ಕೂ ಹೆಚ್ಚಿದ್ದರು. 2017ರಲ್ಲಿ, ಇವರ ವಿದ್ಯೆಯನ್ನು ಸರ್ಕಾರ ರಾಷ್ಟ್ರದ ಮುಖ್ಯ ಜನಪದ ಸಂಪತ್ತೆಂದು ಘೋಷಿಸಿದ ವರ್ಷ, ಉಳಿದವರು ಸುಮಾರು 650. ಅವರಲ್ಲೂ ಬಹುಪಾಲು ವಯಸ್ಸಾದವರು. ಅದೇ 2017ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಜಪಾನಿನ ದಕ್ಷಿಣ ತೀರದಗುಂಟ ಹರಿಯುವ ಕುರೊಶಿಯೊ ಎಂಬ ಬೆಚ್ಚನೆಯ ಪ್ರವಾಹ ತನ್ನ ದಾರಿ ಬಿಟ್ಟು ದೊಡ್ಡದಾಗಿ ಬಳಸತೊಡಗಿ, 2025ರವರೆಗೂ ಹಾಗೆಯೇ ಇತ್ತು. ಕಡಲ ನೀರು ಬಿಸಿಯಾಗಿ, ಅರಾಮೆ ಎಂಬ ಕಡಲಪಾಚಿಯ ಕಾಡುಗಳು ಹಲವೆಡೆ ಬೋಳಾದವು. ಅವಾಬಿ ತಿನ್ನುವುದು ಆ ಪಾಚಿಯನ್ನೇ. ಅಳತೆಪಟ್ಟಿ ಹಿಡಿದು ತಲೆಮಾರುಗಳ ಕಾಲ ಕಾಪಾಡಿದ್ದನ್ನು ಬಿಸಿನೀರು ಕೆಲವೇ ವರ್ಷದಲ್ಲಿ ಕಿತ್ತುಕೊಳ್ಳುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಈ ಹೆಂಗಸರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಹೋದವರು ಅಮಾಗಳ ಗುಡಿಸಲಿನಲ್ಲಿ ಒಂದು ಊಟ ಮಾಡಲೇಬೇಕು. ಒಸತ್ಸು ಮೊದಲಾದ ಹಳ್ಳಿಗಳಲ್ಲಿ ಮೊದಲೇ ತಿಳಿಸಿದರೆ ಏರ್ಪಾಡಾಗುತ್ತದೆ. ನಡುವೆ ಕೆಂಡದ ಒಲೆ, ಸುತ್ತ ಬೆಂಚು. ಸಜಾಎ ಚಿಪ್ಪಿನ ಬಾಯಲ್ಲಿ ಅದರದೇ ನೀರು ಕುದಿಯುತ್ತಿದ್ದಂತೆ ಎರಡು ಹನಿ ಸೋಯಾ. ಎಂಬತ್ತು ದಾಟಿದ ಅಜ್ಜಿಯರೂ ಕೆಂಡ ಕೆದಕುತ್ತ ಮಾತಿಗಿಳಿಯುತ್ತಾರೆ. ಮುಳುಗಿ ಬಂದ ಮೈ ಕಾಯಿಸಿಕೊಳ್ಳುವ, ಸುಖದುಃಖ ಹೇಳಿಕೊಳ್ಳುವ ಜಾಗ ಇದು. ಗಂಡಸರಿಗೆ ಇಲ್ಲಿ ಹೆಚ್ಚು ಮಾತಿಲ್ಲ. ಒಸತ್ಸುವಿನ ಶಿನ್‌ಮೇಇ ಗುಡಿಯ ಇಶಿಗಾಮಿ ಕಲ್ಲು ಹೆಣ್ಣುಮಕ್ಕಳ ಒಂದೇ ಒಂದು ಕೋರಿಕೆಯನ್ನು ಈಡೇರಿಸುತ್ತದೆಂದು ನಂಬಿಕೆ. ಈಗ ದೇಶದ ಎಲ್ಲ ಕಡೆಯಿಂದ ಹುಡುಗಿಯರು ಬರುತ್ತಾರೆ. ತೊಬಾದ ಉರಮುರಾದಲ್ಲಿರುವ ಕಡಲ ವಸ್ತುಸಂಗ್ರಹಾಲಯವನ್ನೂ ಬಿಡಬೇಡಿ. ವಾಸ್ತುಶಿಲ್ಪಿ ನೈತೊ ಹಿರೊಶಿ ಕಟ್ಟಿದ, ದೋಣಿಯನ್ನು ಕವುಚಿ ಹಾಕಿದ ಹಾಗಿರುವ ಛಾವಣಿಯಡಿ ಅಮಾಗಳ ಬುಟ್ಟಿ, ಗಾಳ, ಬಲೆಗಳೂ ಹತ್ತಾರು ಮರದ ದೋಣಿಗಳೂ ಇವೆ.

ನೈವೇದ್ಯದ ತಟ್ಟೆಯ ಕತ್ಸುಓ ಹುಡುಕಿಕೊಂಡು ಇನ್ನೂ ದಕ್ಷಿಣಕ್ಕೆ, ನಕಿರಿಗೆ ಹೋಗಬೇಕು. ದೈಓ ಭೂಶಿರದ ಬಿಳಿ ದೀಪಸ್ತಂಭದ ಊರು, ಚಿತ್ರಕಾರರಿಗೆ ಪ್ರಿಯವಾದದ್ದು. ಬಂಡೆಯ ಅಂಚಿನ ಹಳೆಯ ಗುಡಿಸಲಿನಲ್ಲಿ ಟ್ಯೂನಾ ಜಾತಿಯ ಕತ್ಸುಓ ಮೀನನ್ನು ಬೇಯಿಸಿ, ಗಟ್ಟಿ ಓಕ್ ಮರದ ಸೌದೆಯ ಹೊಗೆಯಲ್ಲಿ ವಾರಗಟ್ಟಲೆ ಇಡುತ್ತಾರೆ. ಕೊನೆಗೆ ಅದು ಮರದ ತುಂಡಿನಂತಾಗುತ್ತದೆ. ಕೀಸುಳಿಯಲ್ಲಿ ಹೆರೆದು ಬಿಸಿ ಅನ್ನದ ಮೇಲೆ ಉದುರಿಸಿದರೆ ಬೇರೇನೂ ಬೇಡ. ಇದೇ ಮೀನನ್ನು ಮೀನುಗಾರರು ದೋಣಿಯಲ್ಲೇ ಸೋಯಾದಲ್ಲಿ ನೆನೆಸಿ, ಹುಳಿಯನ್ನಕ್ಕೆ ಹಾಕಿ ಕೈಯಲ್ಲೇ ಕಲಸಿ ಉಣ್ಣುತ್ತಿದ್ದರು. ಅದು ಈಗ ತೆಕೊನೆ-ಜುಶಿ ಎಂದು ಎಲ್ಲ ಹೋಟೆಲುಗಳಲ್ಲೂ ಸಿಗುತ್ತದೆ.

ರೈಲು ಕೊನೆಗೊಳ್ಳುವಲ್ಲಿ ಅಗೊ ಕೊಲ್ಲಿ. ಯೊಕೊಯಾಮಾ ಗುಡ್ಡದ ವೀಕ್ಷಣಾ ಕಟ್ಟೆಯಿಂದ ನೋಡಬೇಕು. ನೆಲ ಬೆರಳು ಬೆರಳಾಗಿ ಕಡಲೊಳಗೆ ಚಾಚಿದೆ, ನಡುವೆ ಸುಮಾರು ಅರವತ್ತು ದ್ವೀಪಗಳು, ನೀರಿನ ಮೇಲೆ ಸಾಲು ಸಾಲು ತೆಪ್ಪಗಳು. ತೆಪ್ಪದ ಕೆಳಗೆ ಮುತ್ತಿನ ಸಿಂಪಿಗಳು ತೂಗುತ್ತಿವೆ. ತೊಬಾದ ಉದೊನ್ ಅಂಗಡಿಯ ಮಗ ಮಿಕಿಮೊತೊ ಕೊಕಿಚಿ ಈ ಕಡಲಲ್ಲೇ ಪ್ರಯೋಗ ಮಾಡಿದ. ಕಡಲ ನೀರು ಕೆಂಪಾಗುವ ‘ಕೆಂಪು ಕಡಲು’ ಎಂಬ ಪಿಡುಗಿಗೆ ಸಿಂಪಿಗಳು ರಾಶಿರಾಶಿಯಾಗಿ ಸತ್ತರೂ ಬಿಡದೆ, 1893ರ ಜುಲೈಯಲ್ಲಿ ತೊಬಾ ಎದುರಿನ ದ್ವೀಪದಲ್ಲಿ ಅರ್ಧಗೋಲದ ಸಾಕುಮುತ್ತು ಪಡೆದ. ಪೂರ್ತಿ ದುಂಡನೆಯದಕ್ಕೆ ಇನ್ನೂ ವರ್ಷಗಳು ಹಿಡಿದವು, ಬೇರೆಯವರ ಸಂಶೋಧನೆಯೂ ಬೇಕಾಯಿತು. ಚಿಪ್ಪಿನಿಂದ ಕಡೆದ ಸಣ್ಣ ಗುಂಡನ್ನು ಸಿಂಪಿಯೊಳಗೆ ಶಸ್ತ್ರಚಿಕಿತ್ಸೆಯಷ್ಟು ಜಾಗ್ರತೆಯಿಂದ ಇಟ್ಟು, ಕಡಲಿಗೆ ಬಿಟ್ಟು, ಚಳಿಗಾಲದಲ್ಲಿ ತೆರೆಯುತ್ತಾರೆ. ನೀರು ತಣ್ಣಗಾದಾಗ ಮೇಲುಪದರ ನುಣುಪಾಗಿ ಹೊಳಪು ಚೆನ್ನಾಗಿ ಬರುತ್ತದೆ. ಇಲ್ಲೂ 2019ರಲ್ಲಿ ಮರಿ ಸಿಂಪಿಗಳು ದೊಡ್ಡ ಪ್ರಮಾಣದಲ್ಲಿ ಸತ್ತವು. 

ಈ ಪ್ರದೇಶದ ಬಹುಪಾಲು 1946ರಿಂದ ರಾಷ್ಟ್ರೀಯ ಉದ್ಯಾನ. ಅದರ ನೆಲದಲ್ಲಿ ಶೇ 90ಕ್ಕೂ ಹೆಚ್ಚು ಖಾಸಗಿಯವರದು. ಜನರನ್ನು ಎಬ್ಬಿಸಿ ಮಾಡಿದ ಉದ್ಯಾನವಲ್ಲ, ಜನ ಬಾಳುತ್ತಿರುವ ಉದ್ಯಾನ. ಹಾಗಾಗಿ ಬೆಳಿಗ್ಗೆ ಬಂದು ಸಂಜೆ ಹಿಂದಿರುಗುವ ಪ್ರವಾಸ ಇಲ್ಲಿ ಸಾಲದು. ಮೀನುಗಾರರ ಹಳ್ಳಿಯ ಸಣ್ಣ ವಸತಿಮನೆಯಲ್ಲಿ ರಾತ್ರಿ ಉಳಿಯಿರಿ. ಬೆಲೆ ನಗರದ ಹೋಟೆಲಿಗಿಂತ ಹೆಚ್ಚೇನಿಲ್ಲ ಎನ್ನುವಂಥವೂ ಇವೆ, ಊಟ ಮಾತ್ರ ಹೋಲಿಕೆಯಿಲ್ಲದ್ದು.

ಯಾವ ಕಾಲದಲ್ಲಿ ಹೋಗಬೇಕೆಂಬುದು ಏನು ಬೇಕೆಂಬುದರ ಮೇಲೆ. ಇಸೆ-ಎಬಿ ಎಂಬ ದೊಡ್ಡ ಕಡಲ ಸಿಗಡಿ ತಾಜಾ ಸಿಗುವುದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಬೇಸಗೆಯಲ್ಲಿ ಅದನ್ನು ಹಿಡಿಯುವಂತಿಲ್ಲ. ಉರಮುರಾದಲ್ಲಿ ತಿನ್ನಲು ಸಿಗುವ ಸಿಂಪಿ ಚಳಿಗಾಲದ್ದು. ಅಮಾಗಳನ್ನು ಕಡಲಲ್ಲಿ ಕಾಣಬೇಕೆಂದರೆ ವಸಂತ ಮತ್ತು ಬೇಸಗೆ. ಜುಲೈಯಲ್ಲಿ ಸುಗಾಶಿಮಾ ದ್ವೀಪದ ಶಿರೊಂಗೊ ಹಬ್ಬದ ದಿನ, ವರ್ಷವೆಲ್ಲ ಮುಚ್ಚಿರುವ ಕಡಲತೀರವೊಂದನ್ನು ತೆರೆದು, ಕಪ್ಪು ಕೆಂಪು ಅವಾಬಿಗಳ ಜೋಡಿಯನ್ನು ಮೊದಲು ತಂದು ದೇವರಿಗೊಪ್ಪಿಸಲು ಅಮಾಗಳು ಪೈಪೋಟಿಗಿಳಿಯುತ್ತಾರೆ. ಜಿಂಗುವಿನ ಮುಂದಿನ ಮರುನಿರ್ಮಾಣ 2033ರಲ್ಲಿ. ಅದರ ಮೊದಲ ವಿಧಿಗಳು 2025ರಲ್ಲೇ ಶುರುವಾಗಿವೆ. ಊರವರು ಹಾಡಿಕೊಂಡು ಮರದ ದಿಮ್ಮಿಗಳನ್ನು ಬೀದಿಯಲ್ಲೂ ನದಿಯಲ್ಲೂ ಎಳೆಯುವ ಒಕಿಹಿಕಿ 2026 ಮತ್ತು 2027ರಲ್ಲಿ. 2033ರಲ್ಲಿ ಹೊಸ ಗರ್ಭಗುಡಿಯ ಸುತ್ತ ಹಾಸಲು ಮಿಯಾ ನದಿಯ ಬಿಳಿ ಕಲ್ಲುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಒಳಗೆ ಹೋಗುತ್ತಾರೆ. ಬೇರೆ ಯಾವ ಕಾಲದಲ್ಲೂ ಸಾಮಾನ್ಯರು ಕಾಲಿಡದ ಅಂಗಳ ಅದು. ಹಿಂದಿನ ಸಲ ಹೊರಗಿನವರಿಗೂ ಮೊದಲೇ ಹೆಸರು ಕೊಟ್ಟು ಸೇರಿಕೊಳ್ಳುವ ಅವಕಾಶವಿತ್ತು. ಆ ದಿನಗಳಲ್ಲಿ ಇಸೆಯಲ್ಲಿ ಉಳಿಯಲು ಜಾಗ ಸಿಗುವುದು ಕಷ್ಟ, ತೊಬಾ ಇಲ್ಲವೇ ಶಿಮಾದಲ್ಲಿ ಕೋಣೆ ಹಿಡಿದು ಬೆಳಗಿನ ಮೊದಲ ರೈಲಿಗೆ ಬರುವುದು ಒಳ್ಳೆಯದು.